ಹೊಯ್ಗೆ ದಿಬ್ಬದ ಬಳ್ಳಿಗಳಿಗೆ ಕಾವಲು: ಕಾಲುದಾರಿ, ಹಗ್ಗದ ಬೇಲಿ, ದಬ್ಬೆ ತಡಿಕೆ, ನಾಟಿ – ಕೆಲಸದ ದಾಖಲೆ

ಜಾಗ: ಕುಂದಾಪುರ ಕಡೆಯ ಒಂದು ಕಿನಾರೆ. ಕಡಲಿನ ಗುಂಟ 60 ಮೀಟರ್ ಉದ್ದ, ಒಳಗಡೆಗೆ 25 ಮೀಟರ್ ಅಗಲದ ಹೊಯ್ಗೆ (ಮರಳಿನ) ದಿಬ್ಬ. ಹಿಂದೆ ಪಂಚಾಯತ್ ರಸ್ತೆ, ವಾಹನ ನಿಲ್ಲಿಸುವ ಬಯಲು, ಅದರ ಅಂಚಿಗೆ ಗಾಳಿಮರದ (ಸರ್ವೆಯ) ಸಾಲು. ದಿಬ್ಬದ ಮುಂಭಾಗದಲ್ಲಿ ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಎಂಬ ಮುಳ್ಳುಹುಲ್ಲು, ನಡುವೆ ಕಡಲವರೆಯ ಜಾತಿಯ ಕೆನವಾಲಿಯ ಮತ್ತು ಜೇಕು, ಹಿಂದುಗಡೆ ಲಕ್ಕಿ, ಮುಂಡುಗ, ಎರಡು ಹಳೇ ಹೊನ್ನೆ ಮರ.

ಕೆಲಸ ಶುರುವಾಗುವಾಗ ಇದ್ದ ಸ್ಥಿತಿ: ಬಯಲಿನಿಂದ ನೀರಿಗೆ ನೇರವಾಗಿ ಸವೆದ ಒಂದು ದೊಡ್ಡ ದಾರಿ, ಅದರ ಅಕ್ಕಪಕ್ಕ ಐದಾರು ಸಣ್ಣ ದಾರಿಗಳು. ದೊಡ್ಡ ದಾರಿ ಗಾಳಿಗೆ ಕೊರೆದು 7 ಮೀಟರ್ ಅಗಲದ, 1.2 ಮೀಟರ್ ಆಳದ ಬಾಯಿಯಾಗಿತ್ತು. ಬಳ್ಳಿ ಇಲ್ಲದೆ ಬರಿದಾದ ಜಾಗ ಒಟ್ಟು ಸುಮಾರು 300 ಚದರ ಮೀಟರ್.

ಇಂಥ ಕೆಲಸಕ್ಕೆ ಹೊರಟವರು ಸಾಮಾನ್ಯವಾಗಿ ಗಿಡ ನೆಡುವುದರಿಂದ ಶುರು ಮಾಡುತ್ತಾರೆ. ಅದು ಕೊನೆಗೆ ಬರಬೇಕಾದ ಕೆಲಸ. ಮೊದಲು ಜನ ನಡೆಯುವ ದಾರಿ, ಆಮೇಲೆ ಹಗ್ಗ, ಆಮೇಲೆ ಹೊಯ್ಗೆ ಹಿಡಿಯುವ ತಡಿಕೆ, ಎಲ್ಲ ನಿಂತ ಮೇಲೆ ನಾಟಿ. ಈ ಕ್ರಮ ತಪ್ಪಿದರೆ ಒಂದೇ ರಜಾ ವಾರದಲ್ಲಿ ನೆಟ್ಟದ್ದೆಲ್ಲ ಕಾಲಡಿಗೆ ಹೋಗುತ್ತದೆ.

ಬಳ್ಳಿ ಸಾಯುವುದು ಹೇಗೆ

ಇದನ್ನು ಕಣ್ಣಾರೆ ನೋಡಿಕೊಂಡರೆ ಮುಂದಿನ ಅಳತೆಗಳು ಅರ್ಥವಾಗುತ್ತವೆ. ಅಡುಂಬಿನ ಒಂದು ಹಂಬನ್ನು ಮೆಲ್ಲಗೆ ಎತ್ತಿ ನೋಡಿ. ಗೆಣ್ಣುಗೆಣ್ಣಿಗೂ ನೂಲಿನಷ್ಟು ದಪ್ಪದ ಬೇರು ಕೆಳಗಿಳಿದಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಹೊಯ್ಗೆ ಪೂರ್ತಿ ಒಣಗಿ ಸಡಿಲವಾಗಿರುತ್ತದೆ. ಆ ಸಡಿಲಿನ ಮೇಲೆ ಕಾಲಿಟ್ಟರೆ ಹಂಬು ಕೆಳಗೆ ಕುಸಿಯುತ್ತದೆ, ಬೇರು ಮಾತ್ರ ಕೆಳಗಿನ ಹಸಿ ಹೊಯ್ಗೆಯಲ್ಲಿ ಗಟ್ಟಿ ನಿಂತಿರುತ್ತದೆ, ಗೆಣ್ಣಿನ ಕುತ್ತಿಗೆಯಲ್ಲಿ ಪಟ್ಟನೆ ಕಡಿಯುತ್ತದೆ. ಎಲೆ ಮೂರ್ನಾಲ್ಕು ದಿನ ಹಸಿರಾಗಿಯೇ ಇರುವುದರಿಂದ ತುಳಿದವರಿಗೂ ನೋಡಿದವರಿಗೂ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ಕಡಿದ ಕಡೆಯಿಂದ ಕಡಲಿನತ್ತ ಇರುವ ಕುಡಿಯಷ್ಟೂ ಒಣಗುತ್ತದೆ. ಹೊಸ ಹೊಯ್ಗೆ ಹಿಡಿದು ದಿಬ್ಬವನ್ನು ಮುಂದಕ್ಕೆ ಕಟ್ಟುವುದು ಈ ಕುಡಿಗಳೇ.

ರಾವಣನ ಮೀಸೆ ಮುಳ್ಳಿನಿಂದ ತನ್ನನ್ನು ತಾನೇ ಸ್ವಲ್ಪ ಕಾಯ್ದುಕೊಳ್ಳುತ್ತದೆ. ಬರಿಗಾಲಿನವರು ಅದರ ಹತ್ತಿರ ಹೋಗುವುದಿಲ್ಲ. ಹಾಗಾಗಿ ಜನ ಮುಳ್ಳು ತಪ್ಪಿಸಿ ನಡೆಯುವುದು ಅಡುಂಬಿನ ಮೇಲೆಯೇ.

ಹಂತ 1. ಅನುಮತಿ ಮತ್ತು ಊರಿನವರ ಮಾತು (ನವೆಂಬರ್)

2019ರ ಜನವರಿ 18ರ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮರಳ ದಿಬ್ಬಗಳು 1ಎ ವಲಯಕ್ಕೆ, ಅಂದರೆ ಪರಿಸರ ಸೂಕ್ಷ್ಮ ಜಾಗಗಳ ಪಟ್ಟಿಗೆ ಸೇರಿವೆ. ಕಾಂಡ್ಲಾ ಕಾಡು, ಆಮೆ ಮೊಟ್ಟೆ ಇಡುವ ಜಾಗಗಳೂ ಅದೇ ಪಟ್ಟಿಯಲ್ಲಿವೆ. ಅಂದ ಹೆಚ್ಚಿಸಲು, ವಿಹಾರಕ್ಕೆಂದು ದಿಬ್ಬವನ್ನು ಸಮತಟ್ಟು ಮಾಡುವುದು, ರೂಪ ಬದಲಿಸುವುದು ನಿಷಿದ್ಧ. ಒಳ್ಳೆಯ ಉದ್ದೇಶಕ್ಕೇ ಆದರೂ ಜೆ.ಸಿ.ಬಿ. ಇಳಿಸುವ ಹಾಗಿಲ್ಲ, ಕಾಂಕ್ರೀಟು ಹಾಕುವ ಹಾಗಿಲ್ಲ. ಬಿಚ್ಚಿ ತೆಗೆಯಬಹುದಾದ ಮರ ಮತ್ತು ಹಗ್ಗದ ಕೆಲಸ ಎಂದು ಬರೆದು, ನಕ್ಷೆ ಇಟ್ಟು, ಪಂಚಾಯತ್ ಮತ್ತು ಸಿ.ಆರ್.ಝಡ್. ಕಚೇರಿ ಎರಡಕ್ಕೂ ಅರ್ಜಿ ಕೊಡಬೇಕು. ಗಾಳಿಮರ ಅರಣ್ಯ ಇಲಾಖೆಯ ನೆಡುತೋಪಿನದಾದರೆ ಅವರ ಒಪ್ಪಿಗೆಯೂ ಬೇಕು.

ಕಾಗದಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಕೈರಂಪಣಿಯವರ (ದಡದಿಂದ ಕೈಯಲ್ಲೇ ಬಲೆ ಎಳೆದು ಮೀನು ಹಿಡಿಯುವವರ) ಜೊತೆ ಕೂತು ಮಾತಾಡುವುದಕ್ಕೆ. ಬಲೆ ಎಳೆಯುವ ಜಾಗ, ದೋಣಿ ಮೇಲೆ ತರುವ ಜಾಗ, ಮೀನು ಒಣಗಿಸುವ ಜಾಗ ಇವು ಮೂರನ್ನೂ ಅವರೇ ಕೋಲು ನೆಟ್ಟು ತೋರಿಸಬೇಕು. ಇಲ್ಲಿ ದೋಣಿಗೆಂದು ತೆಂಕು ತುದಿಯಲ್ಲಿ, 60 ಮೀಟರಿನ ತುಂಡಿನ ಹೊರಗೆ, 6 ಮೀಟರ್ ಅಗಲದ ತೆರಪು ಬಿಡಲಾಯಿತು. ಕೇಳದೆ ಹಾಕಿದ ಬೇಲಿಯನ್ನು ಬೆಳಗಿನ ಜಾವ ಕಡಿದು ಹಾಕಿದರೆ ಅವರದ್ದು ತಪ್ಪೆನ್ನಲಾಗದು.

ಹಂತ 2. ಅಳತೆ (ಡಿಸೆಂಬರ್ ಕೊನೆಯ ವಾರ)

ಜನ ಅತಿ ಹೆಚ್ಚು ಬರುವ ವಾರದಲ್ಲೇ ಅಳೆಯಬೇಕು. ಖಾಲಿ ಕಿನಾರೆ ನೋಡಿ ಎಳೆದ ನಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಬಯಲಿನಲ್ಲಿ ವಾಹನ ಎಲ್ಲಿ ನಿಲ್ಲುತ್ತದೆ, ಇಳಿದವರು ಮೊದಲು ಎತ್ತ ನೋಡುತ್ತಾರೆ, ಎಲ್ಲಿಂದ ದಿಬ್ಬ ಹತ್ತುತ್ತಾರೆ ಎಂದು ಕಾಗದದಲ್ಲಿ ಗೀಟು ಹಾಕಿಕೊಳ್ಳಬೇಕು. ಇಲ್ಲಿ ಕಂಡದ್ದು: ನೀರಿಗಿಳಿಯಲು ಬರುವವರೆಲ್ಲ ದೊಡ್ಡ ದಾರಿ ಹಿಡಿಯುತ್ತಾರೆ. ಸಣ್ಣ ದಾರಿಗಳನ್ನು ಮಾಡಿದವರು ಸೂರ್ಯಾಸ್ತದ ಫೋಟೋಕ್ಕೆ ದಿಬ್ಬದ ನೆತ್ತಿ ಹತ್ತುವವರು. ಇವೆರಡು ಬೇರೆ ಬೇರೆ ಗುಂಪು, ಎರಡಕ್ಕೂ ಬೇರೆ ಬೇರೆ ಪರಿಹಾರ ಬೇಕು.

ದಿಬ್ಬದ ಎತ್ತರ ಅಳೆಯಲು ಎರಡು ಕೋಲು ಸಾಕು. ಎರಡೂ 1.5 ಮೀಟರ್, ಸೆಂಟಿಮೀಟರ್ ಗುರುತು ಹಾಕಿದ್ದು, ನಡುವೆ 2 ಮೀಟರ್ ದಾರ. ಹಿಂದಿನ ಹೊನ್ನೆ ಮರದ ಬುಡದ ಕಲ್ಲು ನಮ್ಮ ಶಾಶ್ವತ ಗುರುತು. ಅಲ್ಲಿಂದ ಕಡಲಿನತ್ತ 2 ಮೀಟರಿಗೊಮ್ಮೆ ಕೋಲುಗಳನ್ನು ನೆಟ್ಟಗೆ ಹಿಡಿಯುತ್ತಾ ಹೋಗಬೇಕು. ಮುಂದಿನ ನೆಲ ತಗ್ಗಿದ್ದರೆ ಮುಂದಿನ ಕೋಲಿನ ತುದಿಯನ್ನು ಕಡಲಿನ ದಿಗಂತ ರೇಖೆಗೆ ಹೊಂದಿಸಿ, ಆ ನೋಟ ಹಿಂದಿನ ಕೋಲನ್ನು ಎಲ್ಲಿ ಮುಟ್ಟುತ್ತದೆ ಎಂದು ಓದಬೇಕು. ತುದಿಯಿಂದ ಅಲ್ಲಿಗೆ ಎಷ್ಟು ಅಂತರವೋ ಅಷ್ಟು ಇಳಿಜಾರು. ಮುಂದಿನ ನೆಲ ಎತ್ತರವಿದ್ದರೆ ಇದೇ ಲೆಕ್ಕ ಉಲ್ಟಾ. ದಿಬ್ಬದ ಹಿಂಬದಿಯಲ್ಲಿ ದಿಗಂತ ಕಾಣುವುದಿಲ್ಲ, ಅಲ್ಲಿ ಗಾರೆ ಕೆಲಸದವರ ನೀರಿನ ಲೆವೆಲ್ ಪೈಪು ಬಳಸಬೇಕು. ಮೂರು ಸಾಲು ಅಳೆದು ಬರೆದಿಟ್ಟರೆ ಮುಂದೆ ಹೊಯ್ಗೆ ಕೂತಿತೋ ಹೋಯಿತೋ ಎಂಬ ವಾದಕ್ಕೆ ಎಡೆ ಇರುವುದಿಲ್ಲ.

ಇನ್ನೊಂದು ಗೆರೆ ಮುಖ್ಯ. ಕಳೆದ ಮಳೆಗಾಲದ ತೆರೆ ಎಲ್ಲಿಯವರೆಗೆ ಬಂದಿತ್ತು ಎಂಬುದು. ದಿಬ್ಬದ ಬುಡದ ಕಡಿದ ಅಂಚು, ಸಿಕ್ಕಿಕೊಂಡ ಕಸದ ಸಾಲು ಅದನ್ನು ಹೇಳುತ್ತವೆ. ಆ ಗೆರೆಯ ಕೆಳಗೆ ಏನು ಹಾಕಿದರೂ ಮೇ ಕೊನೆಗೆ ಕಿತ್ತು ತರಬೇಕು.

ದಿಬ್ಬದ ಹಿಂದೆ ಜಾಗವೇ ಇಲ್ಲದ ಕಡೆ ಈ ಕೆಲಸ ಹಿಡಿಯಬಾರದು. ಮರವಂತೆಯ ಹಾಗೆ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ತಾಗಿಕೊಂಡಿರುವಲ್ಲಿ ದಿಬ್ಬಕ್ಕೆ ಹಿಂದೆ ಸರಿಯಲು ಎಡೆಯಿಲ್ಲ, ಅಲ್ಲಿನ ಸಮಸ್ಯೆಯೇ ಬೇರೆ.

ಹಂತ 3. ಕಾಲುದಾರಿ (ಜನವರಿ)

ದಿಬ್ಬವನ್ನು ನೇರವಾಗಿ ಸೀಳುವ ದಾರಿ ಗಾಳಿಗೆ ಕೊಳವೆಯಾಗುತ್ತದೆ. ಹಾಗಾಗಿ ಹೊಸ ದಾರಿ 45 ಡಿಗ್ರಿ ಓರೆ. ಅಗಲ 25 ಮೀಟರಿನ ದಿಬ್ಬದಲ್ಲಿ ಉದ್ದ 35 ಮೀಟರ್ ಬಂತು. ಬೇಸಿಗೆ ಮಧ್ಯಾಹ್ನದ ಕಡಲಗಾಳಿ ಇಲ್ಲಿ ವಾಯವ್ಯದಿಂದ ಬೀಸುತ್ತದೆ, ಆದ್ದರಿಂದ ದಾರಿಯ ಕಡಲ ಕಡೆಯ ಬಾಯಿ ನೈಋತ್ಯಕ್ಕೆ. ಮಳೆಗಾಲದ ಗಾಳಿ ನೈಋತ್ಯದಿಂದಲೇ ಬರುತ್ತದಲ್ಲ ಎಂದು ಕೇಳಬಹುದು. ಆಗ ಹೊಯ್ಗೆ ಒದ್ದೆಯಾಗಿರುವುದರಿಂದ ಹಾರುವುದು ಕಡಿಮೆ, ದಾರಿಯೂ ಮುಚ್ಚಿರುತ್ತದೆ.

ಬಯಲಿನ ಕಡೆಯ ತುದಿ ಮಾತ್ರ ಹಳೇ ದಾರಿ ಶುರುವಾಗುತ್ತಿದ್ದಲ್ಲೇ ಇರಬೇಕು. ಜನರ ಕಾಲಿಗೆ ರೂಢಿಯಾದ ಜಾಗದಿಂದ ಶುರುವಾಗಿ ಒಳಗೆ ತಿರುಗಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಆ ತುದಿಯನ್ನೇ 20 ಮೀಟರ್ ಆಚೆ ಸರಿಸಿ ನೋಡಿದಾಗ ಹಗ್ಗ ದಾಟಿ ಹಳೇ ದಾರಿಯಲ್ಲೇ ಹೋದರು.

ಹಾಸು: ತೆಂಗಿನ ಮರದ ರೀಪು. ಉದ್ದ 1.5 ಮೀಟರ್, ಅಗಲ 10 ಸೆಂ.ಮೀ., ದಪ್ಪ 2.5 ಸೆಂ.ಮೀ. ರೀಪಿನ ನಡುವೆ 2 ಸೆಂ.ಮೀ. ಸಂದು, ಹೊಯ್ಗೆ ಕೆಳಗೆ ಬೀಳಲು. 35 ಮೀಟರಿಗೆ 292 ರೀಪು, ಸುಮಾರು 39 ಘನ ಅಡಿ ಮರ. ಹಳೇ ತೆಂಗಿನ ಬುಡದ ಕಡೆಯ, ಹೊರಸುತ್ತಿನ ಕಪ್ಪು ಮರವೇ ಆಗಬೇಕು. ತಿರುಳಿನ ಬಿಳಿ ಮರ ಒಂದೇ ಮಳೆಗಾಲಕ್ಕೆ ನಾರಾಗುತ್ತದೆ. ಕೊಯ್ಯುವ ಮಿಲ್ಲಿನಲ್ಲಿ ನಿಂತು ಆರಿಸಿಕೊಳ್ಳದಿದ್ದರೆ ತಿರುಳೂ ಸೇರಿಕೊಂಡು ಬರುತ್ತದೆ.

ಪ್ರತಿ ರೀಪಿಗೆ ಮೂರು ತೂತು, 16 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ: ಎರಡು ತುದಿಯಿಂದ 15 ಸೆಂ.ಮೀ. ಒಳಗೆ, ಒಂದು ನಡುವೆ. ಹಗ್ಗ ಪೋಣಿಸಿ ಎರಡು ರೀಪಿನ ನಡುವೆ ಒಂದು ಗಂಟು, ಆ ಗಂಟೇ 2 ಸೆಂ.ಮೀ. ಸಂದು ಕಾಯುತ್ತದೆ. ಮೊಳೆ, ಬೋಲ್ಟು ಬೇಡ. ಜಿ.ಐ. (ಸತು ಲೇಪಿಸಿದ) ಮೊಳೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ತಲೆ ಉದುರಿ, ಚೂಪು ತುದಿ ಕಾಲಿಗೆ ಏಳುತ್ತದೆ.

ಹಗ್ಗದ ಆಯ್ಕೆಯಲ್ಲಿ ಎರಡು ಸಲ ಬದಲಾವಣೆ ಆಯಿತು. ಮೊದಲು ತೆಂಗಿನ ನಾರಿನ ಹಗ್ಗ ಪೋಣಿಸಿದ್ದು ತೂತಿನ ಅಂಚಿಗೆ ಉಜ್ಜಿ ಕೆಲವೇ ವಾರದಲ್ಲಿ ಕಡಿಯಿತು. ಸೆಣಬಿನದ್ದು ಅದಕ್ಕಿಂತ ಬೇಗ ಕೊಳೆಯಿತು. ಕೊನೆಗೆ ದೋಣಿಯವರು ಬಿಟ್ಟ 12 ಮಿ.ಮೀ. ಹಳೇ ಪ್ಲಾಸ್ಟಿಕ್ ಹಗ್ಗ ಹಾಕಿದ್ದು. ಈ ಇಡೀ ಕೆಲಸದಲ್ಲಿ ಉಳಿಸಿಕೊಂಡ ಪ್ಲಾಸ್ಟಿಕ್ ಇದೊಂದೇ. ಇದು ರೀಪಿನ ಜೊತೆ ಸುತ್ತಿಕೊಂಡು ಪೂರ್ತಿ ಹೊರಗೆ ಬರುತ್ತದೆ, ದಿಬ್ಬದಲ್ಲಿ ತುಂಡು ಉಳಿಯುವುದಿಲ್ಲ ಎಂಬ ಕಾರಣಕ್ಕೆ ಒಪ್ಪಿದ್ದು. ಗಂಟುಗಳೂ ಸೇರಿ ಸುಮಾರು 170 ಮೀಟರ್ ಬೇಕಾಯಿತು.

ಒಂದೊಂದು ಸುರುಳಿ 3.5 ಮೀಟರ್, 29 ರೀಪು, ಹತ್ತು ಸುರುಳಿ. ಉಳಿದ ಎರಡು ರೀಪು ಬಾಯಿಗೆ. ಒಂದು ಸುರುಳಿ ಹೆಚ್ಚುಕಡಿಮೆ 70 ಕಿಲೋ ತೂಗುತ್ತದೆ, ಮೂವರು ಎತ್ತಬಹುದು. 7 ಮೀಟರಿನ ಸುರುಳಿ ಮಾಡಿದರೆ ಒದ್ದೆಯಾದ ಮೇಲೆ ಸುತ್ತಲೂ ಆಗದು, ಎತ್ತಲೂ ಆಗದು.

ಹಾಸಿದ ಮೇಲೆ ಮರೆಯುವ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ತುದಿ ಎತ್ತಿ ಕೊಡವಿ ಮತ್ತೆ ಹಾಸಬೇಕು. ಒಂದು ತಿಂಗಳು ಬಿಟ್ಟರೆ ಹೊಯ್ಗೆಯಡಿ ಹೂತು, ಜನ ಹಾಸು ಕಾಣದೆ ಪಕ್ಕದಲ್ಲಿ ನಡೆಯಲು ಶುರು ಮಾಡುತ್ತಾರೆ, ದಾರಿ ಎರಡು ಪಟ್ಟು ಅಗಲವಾಗುತ್ತದೆ.

ಫೋಟೋದವರಿಗೆ ನೆತ್ತಿಯ ಬದಲು ದಾರಿಯ ಕಡಲ ಕಡೆಯ ಬಾಯಲ್ಲಿ 3 ಮೀಟರ್ ಚೌಕದ ನಿಲ್ಲುವ ಜಾಗ ಬಿಟ್ಟದ್ದು. ಬೇಡ ಎಂದು ಹೇಳುವುದಕ್ಕಿಂತ ಇಲ್ಲಿ ನಿಲ್ಲಿ ಎಂದು ತೋರಿಸುವುದು ಹೆಚ್ಚು ಫಲ ಕೊಡುತ್ತದೆ.

ಹಂತ 4. ಹಗ್ಗದ ಬೇಲಿ (ಫೆಬ್ರವರಿ)

ಮುಂದೆ ಮತ್ತು ಹಿಂದೆ 58 ಮೀಟರ್ ತಲಾ, ಎರಡು ಬದಿ 25 ಮೀಟರ್ ತಲಾ, ಕಾಲುದಾರಿಯ ಎರಡೂ ಅಂಚು 70 ಮೀಟರ್: ಒಟ್ಟು 236 ಮೀಟರ್. ಗಾಳಿಮರದ ಕಂಬ 2 ಮೀಟರ್ ಉದ್ದ, 8ರಿಂದ 10 ಸೆಂ.ಮೀ. ದಪ್ಪ, 2.5 ಮೀಟರಿಗೊಂದು. ಮೂಲೆ, ತಿರುವುಗಳಿಗೆ ಸೇರಿಸಿ 100 ಕಂಬ.

ಕಂಬದ ಬುಡದ 1 ಮೀಟರಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಎರಡು ಕೈ ಬಳಿದು ವಾರ ಒಣಗಿಸಬೇಕು. 10 ಕಂಬಕ್ಕೆ 1 ಲೀಟರ್ ಹಿಡಿಯುತ್ತದೆ. ಈ ಎಣ್ಣೆ ಚರ್ಮ ಸುಡುತ್ತದೆ, ರಬ್ಬರ್ ಕೈಗವಸು ಹಾಕದೆ ಮುಟ್ಟಬಾರದು.

ಒಣ ಹೊಯ್ಗೆಯಲ್ಲಿ ಗುಂಡಿ ತೋಡಿದಷ್ಟೂ ಬದಿ ಜರಿಯುತ್ತದೆ. ಹಿಂದಿನ ಸಂಜೆ ಪ್ರತಿ ಗುರುತಿಗೆ ಎರಡು ಕೊಡ ನೀರು ಸುರಿದು, ಬೆಳಿಗ್ಗೆ ಕಬ್ಬಿಣದ ಹಾರೆಯಿಂದ ಕುತ್ತಿ, 110 ಮಿ.ಮೀ.ನ 1.2 ಮೀಟರ್ ಪಿ.ವಿ.ಸಿ. ಪೈಪನ್ನು ತಿರುಗಿಸುತ್ತಾ ಇಳಿಸಿ, ಒಳಗಿನ ಹಸಿ ಹೊಯ್ಗೆಯನ್ನು ಉದ್ದ ಕೋಲಿಗೆ ಕಟ್ಟಿದ ಗೆರಟೆಯಿಂದ ತೆಗೆಯಬೇಕು. ಕಂಬ ಇಳಿಸಿ, ಪೈಪನ್ನು ಮೇಲಕ್ಕೆಳೆದು, ಸುತ್ತ ನೀರು ಹೊಯ್ದು ತುಳಿದರೆ ಗಟ್ಟಿ. 90 ಸೆಂ.ಮೀ. ಒಳಗೆ, 110 ಸೆಂ.ಮೀ. ಹೊರಗೆ. 60 ಸೆಂ.ಮೀ. ಇಳಿಸಿದ ಕಂಬಗಳು ವಾರಾಂತ್ಯ ಕಳೆಯುವಷ್ಟರಲ್ಲಿ ವಾಲಿದವು.

ಹಗ್ಗ ಎರಡು ಸಾಲು, ತೆಂಗಿನ ನಾರಿನದು, 12 ಮಿ.ಮೀ., ಕಂಬಕ್ಕೆ ಸುತ್ತುವುದು ಸೇರಿ 600 ಮೀಟರ್. ಮೇಲಿನದು ನೆಲದಿಂದ 90 ಸೆಂ.ಮೀ., ಕೆಳಗಿನದು 50 ಸೆಂ.ಮೀ. ಕೆಳಗಿನ ಹಗ್ಗವನ್ನು ಕಂಬದಲ್ಲಿ 50ಕ್ಕಿಂತ ಕೆಳಗೆ ಕಟ್ಟಬಾರದು. ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುವ ಕಡಲಾಮೆ ಅದರಡಿ ಸರಾಗ ನುಸುಳಿ ಹೋಗಬೇಕು.

ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಜನ ಅದರ ಮೇಲೆ ಕೂರುತ್ತಾರೆ, ಮಕ್ಕಳು ಜೀಕುತ್ತಾರೆ. ಎರಡು ಕಂಬದ ನಡುವೆ ಒಂದು ಗೇಣು ಜೋಲು ಬಿಟ್ಟ ಹಗ್ಗದ ಮೇಲೆ ಯಾರಿಗೂ ಕೂರಲಾಗುವುದಿಲ್ಲ. ಆಮೇಲೆ ಕಂಬ ವಾಲುವುದು ನಿಂತೇ ಹೋಯಿತು.

ಮುಂದಿನ ಸಾಲು ಎಲ್ಲಿ ಹಾಕಬೇಕೆಂಬುದರಲ್ಲಿ ಒಂದು ಪಾಠ ಸಿಕ್ಕಿತು. ಫೆಬ್ರವರಿಯಲ್ಲಿ ಬಳ್ಳಿಯ ಕುಡಿ ಎಲ್ಲಿತ್ತೋ ಅಲ್ಲಿಗೇ ಹಗ್ಗ ಹಾಕಿದ್ದರಿಂದ, ಏಪ್ರಿಲ್ ಹೊತ್ತಿಗೆ ಅಡುಂಬು ಹಗ್ಗದಾಚೆ ಹರಿದು, ಹೊಸ ಕುಡಿಗಳೆಲ್ಲ ತುಳಿತಕ್ಕೆ ಸಿಕ್ಕವು. ಬಳ್ಳಿ ಬೆಳೆಯುವ ಋತುವಿನ ಶುರುವಿಗೆ, ಅಂದರೆ ಅಕ್ಟೋಬರಿನಲ್ಲಿ, ಕುಡಿಗಿಂತ 3 ಮೀಟರ್ ಕಡಲ ಕಡೆಗೆ ಹಗ್ಗ ಇರಬೇಕು. ಕಿನಾರೆ ಗುಡಿಸುವವರಿಗೂ ಅದೇ ಗಡಿ: ಹಗ್ಗದೊಳಗೆ ಟ್ರ್ಯಾಕ್ಟರ್ ಇಲ್ಲ, ಕುಂಟೆ ಇಲ್ಲ, ಪ್ಲಾಸ್ಟಿಕ್ ಮಾತ್ರ ಕೈಯಲ್ಲಿ ಹೆಕ್ಕುವುದು. ತೆರೆ ತಂದು ಹಾಕಿದ ಒಣ ಪಾಚಿ, ಕಡ್ಡಿಗಳು ಕಸವಲ್ಲ. ಮೊದಲ ಹೊಯ್ಗೆ ಗುಪ್ಪೆ ಕಟ್ಟುವುದು ಅವುಗಳ ಸುತ್ತಲೇ, ಅಡುಂಬಿನ ಬೀಜ ಮೊಳೆಯುವುದೂ ಅಲ್ಲೇ.

ಹಂತ 5. ಗಾಳಿಬಾಯಿ ಮುಚ್ಚುವುದು (ಮಾರ್ಚ್–ಏಪ್ರಿಲ್)

ಹಳೇ ದಾರಿಯ 7 ಮೀಟರ್ ಬಾಯಿಗೆ ಹೊರಗಿನಿಂದ ಹೊಯ್ಗೆ ತಂದು ಸುರಿಯಬಾರದು. ಅದು ದಿಬ್ಬದ ಹೊಯ್ಗೆಯ ನುಣುಪಿನದ್ದಾಗಿರುವುದಿಲ್ಲ, ಹೊಳೆಯ ಹೊಯ್ಗೆಯಾದರೆ ಮಣ್ಣು ಮತ್ತು ಕಳೆಬೀಜ ಸೇರಿರುತ್ತದೆ. ಗಾಳಿಯೇ ತುಂಬಿಸುವ ಹಾಗೆ ಮಾಡಬೇಕು.

ಮೊದಲು ನರ್ಸರಿಯ ಹಸಿರು ನೆರಳುಬಲೆ ಕಟ್ಟಿ ನೋಡಿದ್ದು ತಕ್ಷಣ ತೆಗೆಯಬೇಕಾಯಿತು. ಏಡಿ ಸಿಕ್ಕಿಬೀಳುತ್ತದೆ, ಬಿಸಿಲಿಗೆ ನೂಲು ಬಿಚ್ಚಿ ಹೊಯ್ಗೆಯಲ್ಲಿ ಬೆರೆಯುತ್ತದೆ. ಆಮೇಲೆ ಹೆಣೆದ ತೆಂಗಿನ ಮಡಲು. ಅದು ತೀರಾ ಒತ್ತು. ಗಾಳಿ ತೂರಲು ಜಾಗವಿಲ್ಲದೆ ಮೇಲಿನಿಂದ ಹಾರಿ ಹಿಂದೆ ಸುಳಿಯಾಯಿತು, ಎರಡು ತುದಿಯಲ್ಲಿ ಹೊಯ್ಗೆ ಕೂರುವ ಬದಲು ಕೊರೆಯಿತು. ತಡಿಕೆಯಲ್ಲಿ ಅರ್ಧ ಗಟ್ಟಿ, ಅರ್ಧ ತೆರಪು ಇದ್ದರೆ ಗಾಳಿಯ ವೇಗ ಮಾತ್ರ ಇಳಿದು ಹೊಯ್ಗೆ ಅಲ್ಲೇ ಉದುರುತ್ತದೆ.

ನಿಂತದ್ದು ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ತಡಿಕೆ. ದಬ್ಬೆ 4 ಸೆಂ.ಮೀ. ಅಗಲ, ಸಂದು 4 ಸೆಂ.ಮೀ., ಉದ್ದ 1.3 ಮೀಟರ್, ಅದರಲ್ಲಿ 40 ಸೆಂ.ಮೀ. ಒಳಗೆ. ಎರಡು ಸಾಲು, ತಲಾ 9 ಮೀಟರ್, ಸಾಲಿನ ನಡುವೆ 5 ಮೀಟರ್ ಅಂತರ. ಮೀಟರಿಗೆ ಹನ್ನೆರಡೂವರೆಯಂತೆ 225 ದಬ್ಬೆ, ಮೂರು ಅಡಿಕೆ ಮರದಲ್ಲಿ ಆಯಿತು. ಸಣ್ಣ ಹುರಿಹಗ್ಗದಲ್ಲಿ ಮೂರು ಅಡ್ಡ ಹೆಣಿಗೆ. ಸಾಲನ್ನು ಒಂದೇ ಗೋಡೆ ಮಾಡದೆ 3 ಮೀಟರಿನ ತುಂಡುಗಳಾಗಿ ಹಿಂದೆಮುಂದೆ ನಿಲ್ಲಿಸಿ, ನಡುವೆ 1.5 ಮೀಟರ್ ಓಣಿ ಬಿಟ್ಟದ್ದು. ಆಮೆ ಬಂದರೆ ಹಾದಿ ಸಿಗಬೇಕು.

ಸಂಜೆಗಾಳಿ ಜೋರಿದ್ದ ವಾರಗಳಲ್ಲಿ ಹಿಂದಿನ ಸಾಲಿನ ಬುಡಕ್ಕೆ ಹೊಯ್ಗೆ ಕೂರುವುದು ದಿನದಿನಕ್ಕೆ ಕಾಣುತ್ತಿತ್ತು. ಮೇ ನಡುವಿನ ಅಳತೆಯಲ್ಲಿ 35ರಿಂದ 40 ಸೆಂ.ಮೀ. ಏರಿತ್ತು. ದಬ್ಬೆ ಮುಕ್ಕಾಲು ಹೂತಾಗ ಅದನ್ನು ಕೀಳಬಾರದು. ಅದರ ಮೇಲೆ ಇನ್ನೊಂದು ಸಾಲು ನಿಲ್ಲಿಸಬೇಕು, ಹೂತದ್ದು ಒಳಗೇ ಕರಗುತ್ತದೆ. ಬಾಯಿ ಪೂರ್ತಿ ತುಂಬಲು ಒಂದು ಬೇಸಿಗೆ ಸಾಲದು.

ಹಂತ 6. ಬಿಚ್ಚುವುದು (ಮೇ ಕೊನೆ)

ಮುಂಗಾರು ಜೂನ್ ಮೊದಲ ವಾರದಲ್ಲಿ ಮುಟ್ಟುತ್ತದೆ, ಅದಕ್ಕೂ ಮೊದಲೇ ಕಡಲು ಏಳುವುದುಂಟು. ಮುಂದಿನ ಸಾಲಿನ ಕಂಬ, ಹಗ್ಗ, ಕಾಲುದಾರಿಯ ಸುರುಳಿಗಳು ಮೇ 25ರೊಳಗೆ ಮೇಲೆ ಬರಬೇಕು. ದಾರಿಯ ಬಾಯಿಗೆ ಒಣ ಮುಂಡುಗದ ಎಲೆ ಮತ್ತು ಗಾಳಿಮರದ ಗೆಲ್ಲು ಅಡ್ಡ ಹಾಕಿ ಮುಚ್ಚಬೇಕು. ಹಿಂದಿನ ಮತ್ತು ಬದಿಯ ಬೇಲಿ ಹಾಗೇ ಇರಲಿ, ಮಳೆ ನೋಡಲು ಬರುವವರೂ ಇದ್ದಾರೆ.

ಜೂನ್‌ನಿಂದ ಆಗಸ್ಟ್‌ವರೆಗೆ ತೆರೆ ದಿಬ್ಬದ ಬುಡ ಕಡಿಯುತ್ತದೆ. ಇದನ್ನು ನೋಡಿ ಕಲ್ಲು ಹಾಕಿಸಿ ಎಂಬ ಒತ್ತಾಯ ಬರುತ್ತದೆ. ಬೇಡ. ಕಡಿದುಹೋದ ಹೊಯ್ಗೆಯ ಹೆಚ್ಚಿನ ಪಾಲು ಕಿನಾರೆಯ ಎದುರು ನೀರಿನಡಿಯ ದಿಣ್ಣೆಯಲ್ಲೇ ಕೂತಿರುತ್ತದೆ, ಸೆಪ್ಟೆಂಬರಿನಿಂದ ತಿರುಗಿ ಬರುತ್ತದೆ. ಬಂದದ್ದನ್ನು ಹಿಡಿಯಲು ಬಳ್ಳಿ ಇರಬೇಕು, ಅಷ್ಟೆ.

ಹಂತ 7. ನಾಟಿ (ಜೂನ್ ಮತ್ತು ಸೆಪ್ಟೆಂಬರ್)

ಎರಡು ಕಂತು. ದಿಬ್ಬದ ಹಿಂಭಾಗ ಮತ್ತು ನಡುಭಾಗಕ್ಕೆ ಜೂನ್ ನಡುವಿನಲ್ಲಿ, ಹೊಯ್ಗೆ ಒಂದು ಮೊಳ ಆಳಕ್ಕೆ ನೆನೆದ ಮೇಲೆ. ಮುಂಭಾಗಕ್ಕೆ ಸೆಪ್ಟೆಂಬರ್ ಮೊದಲೆರಡು ವಾರ, ತೆರೆ ಇಳಿದು ಮಳೆ ಇನ್ನೂ ಇರುವಾಗ. ಮುಂಭಾಗಕ್ಕೆ ಜೂನ್‌ನಲ್ಲೇ ನೆಟ್ಟರೆ ಬೇರು ಹಿಡಿಯುವ ಮೊದಲೇ ಕಡಲು ಒಯ್ಯುತ್ತದೆ. ಏಪ್ರಿಲಿನಲ್ಲಿ ನೆಟ್ಟು ದಿನಾ ನೀರು ಹಾಕುತ್ತೇವೆಂದರೂ ಉಳಿಯುವುದಿಲ್ಲ, ಮೇಲಿನ ಹೊಯ್ಗೆಯ ಕಾವಿಗೆ ಗೆಣ್ಣು ಬೆಂದುಹೋಗುತ್ತದೆ.

300 ಚದರ ಮೀಟರಿಗೆ 75 ಸೆಂ.ಮೀ. ಅಂತರದಂತೆ 533 ತುಂಡು, ಸಾಯುವುದಕ್ಕೆಂದು ಐದರಲ್ಲೊಂದು ಸೇರಿಸಿ 640. ಜೂನ್‌ಗೆ 350, ಸೆಪ್ಟೆಂಬರಿಗೆ 290.

ಅಡುಂಬು: 50ರಿಂದ 60 ಸೆಂ.ಮೀ. ತುಂಡು, ಐದು ಗೆಣ್ಣು. ಹತ್ತಿರದ ಕಿನಾರೆಯಿಂದಲೇ ತರಬೇಕು, ಮೂರು ಹಂಬಿಗೆ ಒಂದರಂತೆ, ಅದೂ ದಿಬ್ಬದ ಹಿಂಬದಿಯಿಂದ. ಒಂದು ದಿಬ್ಬ ಉಳಿಸಲು ಇನ್ನೊಂದರ ಮುಂಭಾಗ ಬೋಳಿಸಿದರೆ ಏನು ಬಂತು? ಕಡಿದ ದಿನವೇ ನೆಡಬೇಕು, ಅಲ್ಲಿಯವರೆಗೆ ಒದ್ದೆ ಗೋಣಿಯಲ್ಲಿ. ಕೆಳಗಿನ ಎಲೆ ತೆಗೆದು ತುದಿಯ ಎರಡು ಎಲೆ ಮಾತ್ರ ಉಳಿಸಿ, ಮೂರು ಗೆಣ್ಣು ಒಳಗೆ ಹೋಗುವಂತೆ ಓರೆಯಾಗಿ, 20 ಸೆಂ.ಮೀ. ಆಳಕ್ಕೆ, ಕುಡಿ ಕಡಲ ಕಡೆಗೆ. ನೆಟ್ಟಗೆ ಚುಚ್ಚಿದರೆ ಒಂದೇ ಗೆಣ್ಣು ಹಸಿ ಮುಟ್ಟುತ್ತದೆ.

ರಾವಣನ ಮೀಸೆ: ಬೇರು ಬಿಟ್ಟ ಎರಡು ಮೂರು ಗೆಣ್ಣಿನ ಹಂಬು. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಮುಳ್ಳುಚೆಂಡಿನಂತೆ ಉರುಳಿಕೊಂಡು ಹೋಗುವುದು ಹೆಣ್ಣು ಗಿಡದ ಬೀಜದ ತೆನೆ. ಒಂದೇ ಬುಡದಿಂದ ಎಲ್ಲ ತುಂಡು ತೆಗೆದರೆ ಒಂದೇ ಲಿಂಗದ ಗಿಡಗಳಾಗಿ ಬೀಜ ಕಟ್ಟುವುದಿಲ್ಲ. ಹೂ ಬಿಟ್ಟಾಗಲೇ ಎರಡನ್ನೂ ಗುರುತು ಹಾಕಿಟ್ಟುಕೊಳ್ಳಬೇಕು. ಚರ್ಮದ ಕೈಗವಸು ಬೇಕು, ಎಲೆಯ ತುದಿ ಬಟ್ಟೆ ತೂರಿ ಚುಚ್ಚುತ್ತದೆ.

ಬೀಜದಿಂದಲೂ ಆಗುತ್ತದೆ. ಅಡುಂಬಿನ ಕಾಯಿಯಲ್ಲಿ ನಾಲ್ಕು ರೋಮದ ಬೀಜ, ಸಿಪ್ಪೆ ಬಹಳ ಗಟ್ಟಿ. ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಬೀಜದ ಕಣ್ಣಿನ ಎದುರು ಬದಿಯನ್ನು ಮರಳುಕಾಗದಕ್ಕೆ ಬಿಳಿ ಕಾಣುವವರೆಗೆ ತಿಕ್ಕಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಉಬ್ಬಿದ್ದನ್ನು ಮಾತ್ರ ಬಿತ್ತಬೇಕು. ಕೆನವಾಲಿಯಕ್ಕೂ ಇದೇ.

ಗೊಬ್ಬರ ಬೇಡ. ಹಟ್ಟಿಗೊಬ್ಬರದ ಜೊತೆ ಹುಲ್ಲಿನ ಬೀಜ ಬರುತ್ತದೆ, ಗೊಬ್ಬರದ ಸಾರ ಮೊದಲು ಸಿಗುವುದು ಕಳೆಗೆ. ರೆಸಾರ್ಟುಗಳ ಅಂಗಳದಿಂದ ತಪ್ಪಿಸಿಕೊಂಡ ಹಳದಿ ಹೂವಿನ ವೆಡೇಲಿಯಾ ಇಂಥಲ್ಲಿ ಅಡುಂಬನ್ನು ಮುಚ್ಚಿಬಿಡುತ್ತದೆ. ಅದನ್ನು ಬೇರು ಸಹಿತ ಕಿತ್ತು ಚೀಲದಲ್ಲಿ ಹೊರಗೊಯ್ಯಬೇಕು, ಅಲ್ಲೇ ಎಸೆದರೆ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ. ಕಾಲು ತೊಳೆಯುವ ನಲ್ಲಿಯ ಸಾಬೂನು ನೀರು ದಿಬ್ಬದ ಹಿಂಬದಿಗೆ ಹರಿಯುತ್ತಿದ್ದರೆ ಅದನ್ನೂ ತಿರುಗಿಸಿ. ಇಲ್ಲಿ ವೆಡೇಲಿಯಾ ದಟ್ಟವಾಗಿದ್ದದ್ದು ಆ ನೀರಿನ ಗುಂಟವೇ. ಹೊಸ ಗಾಳಿಮರವನ್ನಂತೂ ದಿಬ್ಬದ ಮೇಲೆ ನೆಡಲೇಬಾರದು. ಉದುರಿದ ಸೂಜಿಎಲೆಯ ಹಾಸಿನಡಿ ಬಳ್ಳಿ ಏಳುವುದಿಲ್ಲ.

ಹಿಂಭಾಗದ ಸಾಲಿನಲ್ಲಿ ಹತ್ತಕ್ಕೆ ಏಳು ಹಿಡಿದವು. ಮುಂಭಾಗದಲ್ಲಿ ಅರ್ಧ ಮಾತ್ರ, ಸೆಪ್ಟೆಂಬರಿನ ಒಂದು ಹುಣ್ಣಿಮೆ ಭರತ (ಉಬ್ಬರ) ಕೆಳಗಿನ ಎರಡು ಸಾಲನ್ನು ಎಳೆದೊಯ್ದಿತು.

ಹಂತ 8. ವಾಹನ ತಡೆ ಮತ್ತು ಫಲಕ (ಅಕ್ಟೋಬರ್)

ಬಯಲಿನ ಅಂಚಿಗೆ, ದಿಬ್ಬದಿಂದ ಹೊರಗೆ, ರಸ್ತೆ ಬದಿಯ ಗಟ್ಟಿ ನೆಲದಲ್ಲಿ 8 ಶಿಲೆಗಲ್ಲಿನ ಕಂಬ, 1.2 ಮೀಟರಿಗೊಂದು. ಜೀಪು, ಕಾರು ನಿಂತವು. ಬೈಕು ನಿಲ್ಲಲಿಲ್ಲ. ಸಂದು ಕಿರಿದು ಮಾಡಿದರೆ ಗಾಲಿಕುರ್ಚಿ ಹೋಗದು. ಅದಕ್ಕೆ ಕಾಲುದಾರಿಯ ಶುರುವಿನಲ್ಲಿ 1.2 ಮೀಟರ್ ಅಗಲದ ಮೊಣಕೈ ತಿರುವು ಮಾಡಿದ್ದು. ಗಾಲಿಕುರ್ಚಿ ತಿರುಗುತ್ತದೆ, ಬೈಕಿನವರು ಇಳಿದು ತಳ್ಳಬೇಕಾಗುತ್ತದೆ, ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ.

ಫಲಕ ಎರಡೇ. "ಸಸ್ಯಗಳನ್ನು ತುಳಿಯಬಾರದು" ಎಂದು ಬರೆದು ದಿಬ್ಬದ ಮೇಲೆ ನಿಲ್ಲಿಸಿದ್ದನ್ನು ಓದಲು ಜನ ದಿಬ್ಬ ಹತ್ತಿದರು. ಈಗ ವಾಹನ ಇಳಿಯುವ ಜಾಗದಲ್ಲಿ ದೊಡ್ಡ ಬಾಣದ ಗುರುತು, "ಕಡಲಿಗೆ ದಾರಿ". ಅದರಡಿ ಒಂದು ಸಾಲು: "ಈ ಬಳ್ಳಿ ಹೊಯ್ಗೆ ಹಿಡಿದಿಡುತ್ತದೆ, ಹಾಸಿನ ಮೇಲೆ ನಡೆಯಿರಿ."

ಖರ್ಚು

ಕೆಲಸ ನಡೆದಾಗ ಇಲ್ಲಿದ್ದ ದರದಲ್ಲಿ, ಸುಮಾರಾಗಿ: ಗಾಳಿಮರದ ಕಂಬ 100ಕ್ಕೆ ₹12,000. ನಾರಿನ ಹಗ್ಗ ₹5,400. ತೆಂಗಿನ ರೀಪು ಕೊಯ್ಯುವುದೂ ಸೇರಿ ₹21,000. ಅಡಿಕೆ ದಬ್ಬೆ ಮತ್ತು ಹುರಿ ₹1,700. ಗೇರು ಎಣ್ಣೆ ₹800. ಫಲಕ ₹3,000. ಶಿಲೆಗಲ್ಲಿನ ಕಂಬ ₹3,600. ಸಾಗಾಟ ₹3,500. ಕೂಲಿ 30 ಆಳಿಗೆ ₹900ರಂತೆ ₹27,000. ಒಟ್ಟು ₹78,000. ದೋಣಿಯ ಹಳೇ ಹಗ್ಗಕ್ಕೆ ದುಡ್ಡು ಕೊಡಲಿಲ್ಲ, ನಾಟಿಗೆ ಊರಿನ ಹುಡುಗರು ಬಂದರು. ಪ್ರತಿ ವರ್ಷದ ದುರಸ್ತಿಗೆ ಇದರ ಕಾಲುಭಾಗವನ್ನಾದರೂ ಮೊದಲೇ ತೆಗೆದಿಡಬೇಕು. ಕಟ್ಟಲು ದುಡ್ಡು ಕೊಡುವವರು ಸಿಗುತ್ತಾರೆ, ಹಗ್ಗ ಬದಲಿಸಲು ಸಿಗುವುದಿಲ್ಲ.

ಮುಂದಿನ ಡಿಸೆಂಬರ್: ಉಳಿದ ಕೆಲಸ

ಕ್ರಿಸ್‌ಮಸ್ ರಜೆಯ ಜನಸಂದಣಿಯಲ್ಲಿ ಸಣ್ಣ ದಾರಿಗಳಲ್ಲಿ ಒಂದೇ ಉಳಿದಿತ್ತು, ಬಡಗು ಮೂಲೆಯದ್ದು. ಅಲ್ಲಿ ಪಕ್ಕದ ತುಂಡಿಗೆ ಬೇಲಿ ಇಲ್ಲದ್ದರಿಂದ ಬದಿಯಿಂದ ಒಳಗೆ ಬರುತ್ತಾರೆ. ಬೇಲಿಯನ್ನು ಇನ್ನೂ 15 ಮೀಟರ್ ಮುಂದುವರಿಸಿ ಹೊನ್ನೆ ಮರಕ್ಕೆ ಸೇರಿಸಬೇಕು. ಎಣ್ಣೆ ಸರಿಯಾಗಿ ಹೀರದ ಹತ್ತು ಹನ್ನೆರಡು ಕಂಬಗಳ ಬುಡಕ್ಕೆ ಗೆದ್ದಲು ಹಿಡಿದಿದೆ, ಬದಲಿಸಬೇಕು. ಹಳೇ ಬಾಯಿಗೆ ಇನ್ನೂ 50 ಸೆಂ.ಮೀ. ಹೊಯ್ಗೆ ಬೇಕು, ಮಾರ್ಚ್‌ಗೆ ಎರಡನೇ ಸಾಲು ದಬ್ಬೆ ಏರಿಸುವುದು. ದೋಣಿಯ ತೆರಪಿನಲ್ಲಿ ಗಾಳಿ ಕೊರೆಯಲು ಶುರುವಾಗಿದೆ. ಅಡ್ಡಕ್ಕೆ ಮಡಲು ಹಾಸಿದರೆ ದೋಣಿ ಎಳೆಯಲೂ ಹಗುರ, ಹೊಯ್ಗೆಯೂ ನಿಲ್ಲುತ್ತದೆ ಎಂದು ಕೈರಂಪಣಿಯವರೇ ಹೇಳಿದ್ದಾರೆ, ಜನವರಿಯಲ್ಲಿ ಅವರ ಜೊತೆ ಸೇರಿ ಮಾಡುವುದೆಂದು ನಿಶ್ಚಯವಾಗಿದೆ.